ಪಾಯಕ್ಕೆ ಮುಂಚೆ: ಚಿತ್ರದುರ್ಗದ ಒಂದು ಮಣ್ಣಿನ ಬ್ಲಾಕಿನ ಮನೆಯ ಲೆಕ್ಕ

ಅಕ್ಕನ ಮನೆಗೆ ಹೊಸದಾಗಿ ಬರುವವರೆಲ್ಲ ಗೇಟು ದಾಟುವ ಮುಂಚೆಯೇ ಒಂದು ಪ್ರಶ್ನೆ ಕೇಳುತ್ತಾರೆ. "ಇನ್ನೂ ಪ್ಲಾಸ್ಟರಿಂಗ್ ಮಾಡ್ಸಿಲ್ವಾ?" ಗೃಹಪ್ರವೇಶ ಆಗಿ ಎರಡು ಬೇಸಿಗೆ ಕಳೆದಿವೆ. ಈ ಮಣ್ಣಿನ ಬ್ಲಾಕಿಗೆ ಪ್ಲಾಸ್ಟರಿಂಗ್ ಬೇಕಿಲ್ಲ ಅಂತ ಭಾವ ಮೊದಮೊದಲು ಕೂರಿಸಿಕೊಂಡು ವಿವರಿಸುತ್ತಿದ್ದರು. ಈಗ "ದುಡ್ಡು ಸಾಲ್ಲಿಲ್ಲ ಕಣ್ರೀ" ಅಂದು ಸುಮ್ನಾಗುತ್ತಾರೆ. ಅದೇ ಸುಲಭ.

ಆ ಮನೆಯ ನಕ್ಷೆ ಹಾಕಿದ್ದು, ನಿಂತು ಕಟ್ಟಿಸಿದ್ದು ನಾನು. ಚಿತ್ರದುರ್ಗ, ದಾವಣಗೆರೆ ಎರಡೂ ಕಡೆ ಮನೆ ಕಟ್ಟಿಸುವ ಸಿವಿಲ್ ಎಂಜಿನಿಯರ್ ನಾನು. ಈ ಮನೆಯನ್ನೇ ಆರಿಸಿಕೊಂಡು ಬರೆಯುತ್ತಿರುವುದಕ್ಕೆ ಕಾರಣ ಇದೆ. ಇಲ್ಲಿ ಸರಿಹೋಗಿದ್ದು, ಕೆಟ್ಟಿದ್ದು ಎರಡೂ ನನ್ನ ಕೈಯಲ್ಲೇ ಆಗಿದ್ದು. ಬೇರೆ ಗಿರಾಕಿಗಳ ಮನೆ ಬಗ್ಗೆ ಹೀಗೆ ಬಿಚ್ಚಿ ಬರೆಯೋಕಾಗಲ್ಲ, ಅಲ್ವಾ.

ಸೈಟು, ಮತ್ತು ಯಾರಿಗೆ ಏನು ಬೇಕಿತ್ತು

ಹೊಳಲ್ಕೆರೆ ರಸ್ತೆ ಕಡೆಯ ಒಂದು ಹೊಸ ಬಡಾವಣೆ. 40×60 ಅಡಿ ಸೈಟು. ರಸ್ತೆ ಇರುವುದು ಪಶ್ಚಿಮಕ್ಕೆ. ಒಂದೇ ಅಂತಸ್ತು, ಸುಮಾರು 1000 ಚದರಡಿ ಮನೆ. ಇರುವವರು ಐದು ಜನ: ಅಕ್ಕ, ಭಾವ, ಇಬ್ಬರು ಮಕ್ಕಳು, ಭಾವನ ತಾಯಿ. ಮಕ್ಕಳು ಅವರನ್ನು ಅಜ್ಜಿ ಅಂತಾರೆ, ಹಾಗಾಗಿ ನನಗೂ ಅಜ್ಜಿಯೇ.

ಭಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. "ಪರಿಸರಕ್ಕೆ ಹೊರೆ ಆಗದಿರೋ ಮನೆ ಕಟ್ಟೋಣ" ಅಂತ ಶುರು ಮಾಡಿದ್ದೇ ಅವರು. ಒಂದು ಪಟ್ಟಿಯನ್ನೂ ಬರೆದು ತಂದಿದ್ದರು. ಸೋಲಾರ್ ಪ್ಯಾನಲ್, ಮಣ್ಣಿನ ಇಟ್ಟಿಗೆ, ಮಳೆನೀರು ಕೊಯ್ಲು, ಎಲ್‌ಇಡಿ ಬಲ್ಬು. ನೋಡಿ, ಪಟ್ಟಿಯಲ್ಲಿದ್ದಿದ್ದೆಲ್ಲ ಅಂಗಡಿಯಿಂದ ತರುವ ಸಾಮಾನು. ಸೈಟು ಯಾವ ಕಡೆಗೆ ಮುಖ ಮಾಡಿದೆ ಅನ್ನುವ ಮಾತೇ ಅದರಲ್ಲಿರಲಿಲ್ಲ. ಅವರೊಬ್ಬರೇ ಅಲ್ಲ, ನನ್ನ ಹತ್ತಿರ ಬರುವ ಹತ್ತರಲ್ಲಿ ಒಂಬತ್ತು ಜನರ ಪಟ್ಟಿ ಹೀಗೇ ಇರುತ್ತದೆ.

ಅಕ್ಕನದು ಒಂದೇ ಬೇಡಿಕೆ. ಮೇ ತಿಂಗಳ ಮಧ್ಯಾಹ್ನ ಮಲಗಿದರೆ ನಿದ್ದೆ ಬರಬೇಕು. ಅವರು ಏಳು ವರ್ಷ ಬಾಡಿಗೆಗಿದ್ದಿದ್ದು ಒಂದು ಮನೆಯ ಮೇಲಂತಸ್ತಿನಲ್ಲಿ. ರಾತ್ರಿ ಹತ್ತಕ್ಕೂ ಮೇಲಿನ ಮೋಲ್ಡ್ ಮುಟ್ಟಿದರೆ ಹಂಚಿನ ಥರ ಕಾದಿರುತ್ತಿತ್ತು.

ಅಜ್ಜಿ ಹುಟ್ಟಿ ಬೆಳೆದಿದ್ದು ಚಳ್ಳಕೆರೆ ಕಡೆಯ ಹಳ್ಳಿಯ ಮಾಳಿಗೆ ಮನೆಯಲ್ಲಿ. ಈ ಭಾಗದವರಿಗೆ ಅದು ಗೊತ್ತಿರುತ್ತದೆ. ದಪ್ಪ ಗೋಡೆ, ಮೇಲೆ ತೊಲೆ, ಜಂತೆ, ಅದರ ಮೇಲೆ ಸೊಪ್ಪುಸದೆ, ಅದರ ಮೇಲೆ ಒಂದಡಿಯಷ್ಟು ಮಣ್ಣು. ಕೊನೆಯ ಪದರ ಚೌಳು ಮಣ್ಣು. ಚೌಳಿನಲ್ಲಿ ಸೋಡಿಯಂ ಜಾಸ್ತಿ. ಮಳೆ ಬಿದ್ದರೆ ಅದರ ಜೇಡಿ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ಸಣ್ಣ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದೆ ಜಾರಿ ಹೋಗುತ್ತದೆ. ಹೊಲಕ್ಕೆ ಶಾಪವಾದ ಮಣ್ಣು ಮಾಳಿಗೆಗೆ ವರ. ಒಳಗೆ ಎಂಥ ಬೇಸಿಗೆಯಲ್ಲೂ ತಣ್ಣಗೆ.

ಹಾಗಾದರೆ ಅಂಥದ್ದೇ ಕಟ್ಟೋಣ ಅಂದಿದ್ದಕ್ಕೆ ಅಜ್ಜಿ ನನ್ನನ್ನು ಮೇಲೆ ಕೆಳಗೆ ನೋಡಿದರು. "ಮಳೆಗಾಲದಾಗೆ ನಡುರಾತ್ರಿ ಎದ್ದು ಮಾಳಿಗೆ ಹತ್ತಿ ಮಣ್ಣು ಮೆಟ್ಟೋಕೆ ನೀನು ಬರ್ತೀಯೇನವ್ವಾ?" ಅವರಿಗೆ ಬೇಕಿದ್ದಿದ್ದು ಆರ್‌ಸಿಸಿ. ಅದರಲ್ಲಿ ಅವರದ್ದು ಹಿಂದೆ ಮುಂದೆ ಇಲ್ಲ. ಹಳೇದೆಲ್ಲ ಚಿನ್ನ ಅನ್ನುವ ನಮ್ಮಂಥವರು ವರ್ಷಾ ವರ್ಷಾ ಚೌಳು ಹೊತ್ತವರಲ್ಲ.

ಪಡುವಣ ಬಿಸಿಲು

ಮೊದಲ ಎರಡು ವಾರ ನಾನು ಬರೀ ಬಿಸಿಲಿನ ಲೆಕ್ಕ ಹಾಕಿದೆ. ಚಿತ್ರದುರ್ಗ ಇರುವುದು ಸುಮಾರು 14.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆಮೇಲೆ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೆ ಇರುತ್ತಾನೆ, ದಕ್ಷಿಣಕ್ಕಲ್ಲ. ಅಂದರೆ ಬೇಸಿಗೆಯಲ್ಲಿ ದಕ್ಷಿಣದ ಗೋಡೆಯಿಂದ ಹೆಚ್ಚು ತೊಂದರೆ ಇಲ್ಲ. ಸುಡುವುದು ತಾರಸಿ ಮತ್ತು ಪಶ್ಚಿಮದ ಗೋಡೆ. ನಮ್ಮ ಸೈಟಿನ ಮುಖ ಇದ್ದಿದ್ದೇ ಪಶ್ಚಿಮಕ್ಕೆ.

ಇಲ್ಲಿ ಎಲ್ಲರೂ ಮಾಡುವುದು ಏನೆಂದರೆ, ಮುಂದೆ ರಸ್ತೆ ಇದೆಯಲ್ಲ, ಅಂದ ಕಾಣಲಿ ಅಂತ ಹಾಲಿಗೆ ಆರಡಿ ಗಾಜಿನ ಕಿಟಕಿ ಇಟ್ಟು, ಮೇಲೆ ಎರಡಡಿ ಸಜ್ಜಾ ಹಾಕುವುದು. ಆ ಸಜ್ಜಾ ಮಳೆಗೆ ಸರಿ. ಬಿಸಿಲಿಗೆ? ಮೇ ತಿಂಗಳ ಸಂಜೆ ನಾಲ್ಕಕ್ಕೆ ಸೂರ್ಯ ಇಲ್ಲಿ 37 ಡಿಗ್ರಿಯಷ್ಟು ಎತ್ತರದಲ್ಲಿರುತ್ತಾನೆ. ಎರಡಡಿ ಸಜ್ಜಾದ ನೆರಳು ಕಿಟಕಿಯ ಮೇಲೆ ಒಂದೂವರೆ ಅಡಿ ಇಳಿಯುತ್ತದೆ. ಐದು ಗಂಟೆಗೆ ಒಂದಡಿಯೂ ಇಲ್ಲ. ಉಳಿದ ಗಾಜಿನಿಂದ ಬಿಸಿಲು ನೇರ ಸೋಫಾದ ಮೇಲೆ ಬಂದು ಕೂರುತ್ತದೆ. ಆಮೇಲೆ ಪರದೆ, ಆಮೇಲೆ ಕೂಲರ್, ಆಮೇಲೆ ಏಸಿ.

ನಾವು ಪಶ್ಚಿಮಕ್ಕೆ ವಾಸದ ಕೋಣೆ ಕೊಡಲೇ ಇಲ್ಲ. ಮೆಟ್ಟಿಲು, ಉಗ್ರಾಣದ ಕೋಣೆ, ಎಂಟಡಿ ಆಳದ ಪಡಸಾಲೆ, ಇಷ್ಟೂ ಆ ಕಡೆಗೆ. ಮಲಗುವ ಕೋಣೆಗಳು ಪೂರ್ವಕ್ಕೆ. ಹಾಲಿಗೆ ಗಾಳಿ ಬೆಳಕು ಉತ್ತರ ದಕ್ಷಿಣದಿಂದ. ಪಡಸಾಲೆಯ ಮುಂದೆ ಮಣ್ಣಿನ ಬ್ಲಾಕಿನಿಂದಲೇ, ನಡುನಡುವೆ ಸಂದು ಬಿಟ್ಟು ಕಟ್ಟಿದ ಒಂದು ಜಾಲಿ ಗೋಡೆ. ಮುಂಗಾರಿನ ಗಾಳಿ ಬೀಸುವುದು ನೈಋತ್ಯ, ಪಶ್ಚಿಮದಿಂದ. ಊರ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಬಿಸಿಲು ಬರುವ ದಿಕ್ಕಿನಿಂದಲೇ ತಂಪು ಗಾಳಿಯೂ ಬರುವಾಗ ಗೋಡೆ ಪೂರ್ತಿ ಮುಚ್ಚಿದರೂ ತಪ್ಪು, ತೆರೆದರೂ ತಪ್ಪು. ಜಾಲಿ ಇರುವುದು ಅದಕ್ಕೇ.

ವಾಸ್ತು ನೋಡುವವರೂ ಬಂದರು. ನಾನು ಜಗಳಕ್ಕೆ ತಯಾರಾಗಿ ಕೂತಿದ್ದೆ. ನೈಋತ್ಯದಲ್ಲಿ ಭಾರ ಇರಬೇಕು, ಅಲ್ಲಿ ಮೆಟ್ಟಿಲು ಬಂದಿರುವುದು ಬಹಳ ಒಳ್ಳೆಯದು ಅಂದುಬಿಟ್ಟರು. ನನ್ನ ಲೆಕ್ಕಕ್ಕೂ ಅಲ್ಲಿ ದಪ್ಪನೆಯದ್ದು ಏನಾದರೂ ಬೇಕಿತ್ತು. ಇಬ್ಬರೂ ಕಾಫಿ ಕುಡಿದು ಎದ್ದೆವು.

ಇಷ್ಟಕ್ಕೆಲ್ಲ ಖರ್ಚಾಗಿದ್ದು ಏನು ಗೊತ್ತಾ? ಜಾಲಿ ಗೋಡೆಯ ಕೂಲಿ ಬಿಟ್ಟರೆ ಏನೂ ಇಲ್ಲ. ಕೋಣೆಗಳನ್ನು ಕಾಗದದ ಮೇಲೆ ಆ ಕಡೆ ಈ ಕಡೆ ಜರುಗಿಸಿದ್ದು ಅಷ್ಟೇ. ಅದೂ ಪಾಯ ತೋಡುವ ಮುಂಚೆ. ಒಂದು ಸಲ ಸೈಜುಗಲ್ಲು ಕೂತಿತು ಅಂದರೆ ಮುಗಿಯಿತು, ಆಮೇಲೆ ಮನೆ ತಂಪು ಮಾಡಬೇಕಾದರೆ ದುಡ್ಡು ಸುರಿಯಲೇಬೇಕು.

ನಾನೂರು ಬ್ಲಾಕು ಹಾಳಾದ ಕಥೆ

ಈಗ ಮಣ್ಣಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು.

ಮಣ್ಣಿಗೆ ಒಂದಿಷ್ಟು ಸಿಮೆಂಟ್ ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅದುಮಿ, ಸುಡದೆ, ನೀರುಣಿಸಿ ಗಟ್ಟಿ ಮಾಡುವ ಬ್ಲಾಕು ಇದು. ನಮ್ಮ ರಾಜ್ಯದಲ್ಲಿ ಇದರ ಮೇಲೆ ದೊಡ್ಡ ಕೆಲಸ ಆಗಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಅಲ್ಲಿ 'ಅಸ್ತ್ರ' ಅನ್ನುವ ಕೇಂದ್ರ ಶುರು ಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಅವರ ಗುರಿ. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ಮಣ್ಣಿನ ಬ್ಲಾಕನ್ನು ಪರೀಕ್ಷಿಸಿ ಪರೀಕ್ಷಿಸಿ ಒಂದು ಹದಕ್ಕೆ ತಂದರು.

ಅವರು ಹಾಕಿದ ಶಕ್ತಿಯ ಲೆಕ್ಕ ಇವತ್ತಿಗೂ ನನ್ನ ಮೇಜಿನ ಮೇಲಿರುತ್ತದೆ. ಒಂದು ಸುಟ್ಟ ಇಟ್ಟಿಗೆ ತಯಾರಾಗಲು ಸುಮಾರು 4.25 ಮೆಗಾಜೂಲ್ ಶಕ್ತಿ ಬೇಕು. 230×190×100 ಮಿ.ಮೀ. ಅಳತೆಯ ಮಣ್ಣಿನ ಬ್ಲಾಕು ಅದಕ್ಕಿಂತ ಎರಡೂವರೆ ಪಟ್ಟು ದೊಡ್ಡದು. ಆದರೂ 6% ಸಿಮೆಂಟ್ ಹಾಕಿದರೆ ಅದಕ್ಕೆ ಬೇಕಾಗುವುದು 2.6 ಮೆಗಾಜೂಲ್ ಮಾತ್ರ. ನಮ್ಮ ಮನೆಗೆ 5,200 ಬ್ಲಾಕು ಬೇಕಿತ್ತು, ಸಿಮೆಂಟ್ 7%. ಅಷ್ಟೇ ಗೋಡೆಗೆ ಸುಟ್ಟ ಇಟ್ಟಿಗೆ ಬಳಸಿದ್ದರೆ ಎಷ್ಟಾಗುತ್ತಿತ್ತು ಅಂತ ಕೂಡಿಸಿ ಕಳೆದು ನೋಡಿದೆ. ಉಳಿದಿದ್ದು ಎರಡೂವರೆ ಟನ್ನಿಗೂ ಮೇಲೆ ಸೌದೆ ಉರಿಸಿದಷ್ಟು ಶಾಖ.

ಒಂದು ಮಾತು ಮುಚ್ಚಿಡಬಾರದು. ಅದೇ ಲೆಕ್ಕದಲ್ಲಿ ಟೊಳ್ಳು ಕಾಂಕ್ರೀಟ್ ಬ್ಲಾಕು ಕೂಡ ಮಣ್ಣಿನ ಬ್ಲಾಕಿನ ಆಸುಪಾಸಿನಲ್ಲೇ ಬರುತ್ತದೆ. ಸುಟ್ಟ ಇಟ್ಟಿಗೆಯ ಮುಂದೆ ಮಣ್ಣು ಗೆಲ್ಲುತ್ತದೆ, ನಿಜ. ಕಾಂಕ್ರೀಟ್ ಬ್ಲಾಕಿನ ಮುಂದೆ ಹೇಳಿಕೊಳ್ಳುವಷ್ಟಲ್ಲ. ಮಣ್ಣು ಅಂದ ತಕ್ಷಣ ಹಸಿರು ಅಂದುಕೊಳ್ಳುವವರಿಗೆ ಇದು ಗೊತ್ತಿರಲಿ. ನಮ್ಮ ಬ್ಲಾಕುಗಳಿಗೇ 58 ಚೀಲ ಸಿಮೆಂಟ್ ಹೋಗಿದೆ.

ಯಂತ್ರ ಬಾಡಿಗೆಗೆ ಬಂತು. ಮಣ್ಣು ಬೇಕಿತ್ತು. ಸೈಟಿನಲ್ಲಿ ಪಾಯ ತೋಡಿದಾಗ ಸಿಕ್ಕಿದ್ದು ಬರೀ ಗರಸು, ತುಂಬಲಿಕ್ಕೆ ಸರಿ. ಪಕ್ಕದ ಇನ್ನೊಂದು ಬಡಾವಣೆಯಲ್ಲಿ ಗುಂಡಿ ತೆಗೆಯುತ್ತಿದ್ದರು. ಕೆಂಪು ಬಣ್ಣ, ನೋಡಿದರೆ ಮಸಾರಿ. ಸಿಮೆಂಟ್ ಬೆರೆಸುವ ಬ್ಲಾಕಿಗೆ ಎರೆಮಣ್ಣು ಆಗಲ್ಲ, ಕೆಂಪು ಮಣ್ಣು ಆಗುತ್ತದೆ ಅನ್ನುವುದು ಎಲ್ಲರ ಬಾಯಲ್ಲಿರುವ ಮಾತು. ಎರಡು ಟ್ರ್ಯಾಕ್ಟರ್ ತರಿಸಿದೆ. ಪರೀಕ್ಷೆ ಮಾಡಲಿಲ್ಲ. ಮಾಡಬೇಕು ಅಂತ ನಾನೇ ಹತ್ತಾರು ಜನರಿಗೆ ಹೇಳಿದ್ದೇನೆ. ಅವತ್ತು ಯಂತ್ರದ ಬಾಡಿಗೆ ಓಡುತ್ತಿತ್ತು, ಆಳುಗಳು ಬಂದು ಕೂತಿದ್ದರು. ಶುರು ಮಾಡಿಬಿಟ್ಟೆ.

ಮಣ್ಣು ಕಲಸುತ್ತಿದ್ದ ಹೆಂಗಸು ಒಬ್ಬರು ಮೊದಲ ದಿನವೇ ಅಂದಿದ್ದರು. "ಮೇಡಂ, ಇದು ಕೈಗೆ ಅಂಟ್ತಾ ಐತೆ, ತೊಳೆದ್ರೂ ಹೋಗಂಗಿಲ್ಲ." ನಾನು ನೀರು ಜಾಸ್ತಿ ಆಗಿರಬೇಕು ಅಂದೆ.

ಎರಡನೇ ವಾರ ಬ್ಲಾಕುಗಳ ಮೈಮೇಲೆ ಕೂದಲೆಳೆಯಂಥ ಬಿರುಕು ಕಾಣಿಸಿದವು. ಒಂದನ್ನು ಬಕೆಟ್ಟಿನಲ್ಲಿ ಮುಳುಗಿಸಿಟ್ಟೆವು. ಬೆಳಗ್ಗೆ ಹೋಗಿ ನೋಡಿದರೆ ನಾಲ್ಕೂ ಅಂಚು ಕರಗಿ ತಳದಲ್ಲಿ ಕೆಸರು ಕೂತಿತ್ತು. ಬೆರಳಿನಿಂದ ತಿಕ್ಕಿದರೆ ಮೂಲೆ ಬೆಲ್ಲದಂತೆ ಉದುರುತ್ತಿತ್ತು.

ಆಮೇಲೆ ಬುದ್ಧಿ ಬಂತು. ಒಂದು ಉಪ್ಪಿನಕಾಯಿ ಜಾಡಿಗೆ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಟ್ಟೆ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಅದರ ಮೇಲೆ ನುಣುಪಾದ ಗೋಡು ಕೂರುತ್ತದೆ. ಜೇಡಿ ಕೊನೆಗೆ, ನಿಧಾನಕ್ಕೆ. ಒಳ್ಳೆಯ ಬ್ಲಾಕಿಗೆ ಮರಳಿನ ಪಾಲು ಮೂರರಲ್ಲಿ ಎರಡಿರಬೇಕು, ಜೇಡಿ ಹತ್ತು ಹದಿನೈದು ಪರ್ಸೆಂಟ್ ಸಾಕು. ನಮ್ಮ ಜಾಡಿಯಲ್ಲಿ ಮರಳು ಅರ್ಧವೂ ಇರಲಿಲ್ಲ. ಸಿಮೆಂಟ್ ಹಿಡಿದಿಡುವುದು ಮರಳಿನ ಕಣಗಳನ್ನು. ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅಷ್ಟು ಸಿಮೆಂಟಿನ ಮಾತು ಕೇಳಲ್ಲ. ಬಣ್ಣ ಕೆಂಪಗಿದ್ದರೆ ಏನು ಬಂತು.

ನಾನೂರು ಬ್ಲಾಕು ಪಡಸಾಲೆಯ ನೆಲದ ಕೆಳಗೆ ತುಂಬಲು ಹೋದವು. ನಾವು ಮಣ್ಣು ಬದಲಿಸಲಿಲ್ಲ. ಕ್ರಷರ್‌ನಿಂದ ಕಲ್ಲುಪುಡಿ ತರಿಸಿ ಬೆರೆಸಿದೆವು. ಮೂರು ಥರದ ಬೆರಕೆ ಮಾಡಿ, ಮೂರು ಜಾಡಿ ಇಟ್ಟು, ಒಂದೊಂದರಲ್ಲೂ ಹತ್ತತ್ತು ಬ್ಲಾಕು ಒತ್ತಿ ನೋಡಿ ಆಮೇಲೆ ಮುಂದುವರಿದೆವು. ಚಿತ್ರದುರ್ಗದಲ್ಲಿ ಕಲ್ಲಿಗೇನು ಬರ ಇಲ್ಲವಲ್ಲ.

ನೀರಿನ ಹದ ನೋಡಲು ಉಂಡೆ ಪರೀಕ್ಷೆ. ಕಲಸಿದ ಮಣ್ಣನ್ನು ಮುಷ್ಟಿಯಲ್ಲಿ ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡುವುದು. ಪುಡಿಪುಡಿಯಾದರೆ ನೀರು ಕಡಿಮೆ. ಚಪ್ಪಟೆಯಾಗಿ ಅಂಟಿಕೊಂಡರೆ ಜಾಸ್ತಿ. ನಾಲ್ಕೈದು ಹೋಳಾದರೆ ಹದ. ಅಂಟ್ತಾ ಐತೆ ಅಂದಿದ್ದ ಆ ಹೆಂಗಸಿಗೇ ಈ ಕೆಲಸ ಒಪ್ಪಿಸಿದೆ. ಮೂರನೇ ದಿನದಿಂದ ಅವರು ಉಂಡೆ ಬಿಡುವುದನ್ನೂ ನಿಲ್ಲಿಸಿದರು. ಮುಷ್ಟಿಯಲ್ಲಿ ಹಿಡಿದಾಗಲೇ ಹೇಳುತ್ತಿದ್ದರು. ಅನುಮಾನಕ್ಕೆ ನಾನು ಬಿಟ್ಟು ನೋಡಿದರೆ ನಾಲ್ಕೈದು ಹೋಳೇ.

ದಿನಕ್ಕೆ ಮುನ್ನೂರು ಬ್ಲಾಕು ದಾಟಿದ್ದು ಅಪರೂಪ. ಒತ್ತಿದ ಮೇಲೆ 28 ದಿನ ನೀರುಣಿಸಬೇಕು. ಏಪ್ರಿಲ್ ತಿಂಗಳು, ಬೋರು ಬತ್ತಿತ್ತು, ನೀರು ಟ್ಯಾಂಕರಿನದು. ಪೈಪು ಹಿಡಿದು ಹೊಡೆದರೆ ಅರ್ಧ ನೀರು ನೆಲಕ್ಕೆ. ಗೋಣಿಚೀಲ ಹೊದಿಸಿ, ದಿನಕ್ಕೆ ಎರಡು ಸಲ ಚೀಲ ಮಾತ್ರ ತೋಯಿಸುವಂತೆ ಮಾಡಿದೆವು.

ಇಷ್ಟರ ನಡುವೆ ಸಾಲ ಕೊಡುತ್ತಿದ್ದ ಬ್ಯಾಂಕಿನವರ ಪರವಾಗಿ ಸೈಟು ನೋಡಲು ಬಂದವರು ಕಾಗದದಲ್ಲಿ 'ಮಣ್ಣಿನ ಗೋಡೆ' ಅಂತ ಬರೆದುಕೊಂಡು ಹೋದರು. ಕಂತು ನಿಂತಿತು. ಈ ಬ್ಲಾಕಿಗೆ ಐಎಸ್ 1725 ಅನ್ನುವ ಭಾರತೀಯ ಮಾನಕವೇ ಇದೆ, 1982ರಲ್ಲೇ ಇತ್ತು, 2013ರಲ್ಲಿ ಮತ್ತೆ ತಿದ್ದಿದ್ದಾರೆ. ಅದರ ಪ್ರತಿ, ಪ್ರಯೋಗಾಲಯದ ವರದಿ ಎಲ್ಲ ಹಿಡಿದುಕೊಂಡು ಭಾವ ನಾಲ್ಕು ಸಲ ಓಡಾಡಿದರು. ಒಂದೂವರೆ ತಿಂಗಳು ಹೋಯಿತು.

ಹೆಂಚು ಹಾಕಿದ ಮೋಲ್ಡ್

ತಾರಸಿಗೆ ಫಿಲ್ಲರ್ ಸ್ಲ್ಯಾಬ್ ಮಾಡಿದೆವು. ಮೇಸ್ತ್ರಿಗೆ ಇದು ಮೊದಲ ಸಲ. ಸೆಂಟ್ರಿಂಗ್ ಮೇಲೆ ಕಂಬಿ ಕಟ್ಟಿ, ಕಂಬಿಯ ಚೌಕಗಳ ನಡುವೆ ಮಂಗಳೂರು ಹೆಂಚನ್ನು ಜೋಡಿ ಜೋಡಿಯಾಗಿ ಇಡು ಅಂದಾಗ ಅವನು ಬೀಡಿ ಕಚ್ಚಿಕೊಂಡು ಸುಮ್ಮನೆ ನಿಂತ. "ಹೆಂಚು ಹಾಕಿದ್ರೆ ಮೋಲ್ಡ್ ನಿಲ್ತೈತಾ ಮೇಡಂ? ನಾಳೆ ಏನಾರ ಆದ್ರೆ ಹೆಸರು ಕೆಡೋದು ನಂದು."

ಅವನ ಭಯ ಅರ್ಥವಾಗುವಂಥದ್ದು. ಒಂದು ಸ್ಪಂಜಿನ ತುಂಡು ತಗೊಂಡು ಎರಡೂ ತುದಿ ಆನಿಸಿ ನಡುವೆ ಒತ್ತಿ ತೋರಿಸಿದೆ. ಮೇಲಿನ ಮೈ ಸುಕ್ಕಾಗುತ್ತದೆ, ಕೆಳಗಿನ ಮೈ ಹಿಗ್ಗುತ್ತದೆ. ಮೋಲ್ಡ್ ಕೂಡ ಹಾಗೇ. ಹಿಗ್ಗುವ ಕೆಳಭಾಗದಲ್ಲಿ ಎಳೆತ ತಡೆಯುವುದು ಕಂಬಿ. ಅಲ್ಲಿನ ಕಾಂಕ್ರೀಟ್ ಕಂಬಿಯನ್ನು ಹಿಡಿದುಕೊಂಡಿರುತ್ತದೆ, ಅದು ಬಿಟ್ಟರೆ ಬರೀ ಭಾರ. ಆ ಭಾರದ ಜಾಗಕ್ಕೆ ಹಗುರವಾದ ಹೆಂಚು. ಕಾಂಕ್ರೀಟ್ ಸುಮಾರು ಐದರಲ್ಲಿ ಒಂದು ಪಾಲು ಉಳಿಯುತ್ತದೆ. ಕೇರಳದಲ್ಲಿ ಲಾರಿ ಬೇಕರ್ ಇಂಥ ತಾರಸಿಯನ್ನು ಎಷ್ಟೋ ಮನೆಗಳಿಗೆ ಹಾಕಿಸಿ ಜನಕ್ಕೆ ಪರಿಚಯ ಮಾಡಿದರು.

ಹೆಂಚನ್ನು ನೀರಲ್ಲಿ ನೆನೆಸಿ ಇಡಬೇಕು ಅನ್ನುವುದನ್ನು ಮಾತ್ರ ಮೇಸ್ತ್ರಿಯೇ ನನಗಿಂತ ಮುಂಚೆ ಹೇಳಿದ. ಒಣ ಹೆಂಚು ಕಾಂಕ್ರೀಟಿನ ನೀರು ಕುಡಿದುಬಿಡುತ್ತದೆ, ಇಟ್ಟಿಗೆ ಕಟ್ಟುವಾಗ ನೆನೆಸಲ್ವಾ, ಹಾಗೇ ಅಂದ.

ಸಿಮೆಂಟು ಸ್ಲ್ಯಾಗ್ ಬೆರೆತದ್ದು ತಗೊಂಡೆವು. ಕಬ್ಬಿಣದ ಅದಿರು ಕರಗಿಸಿದಾಗ ಮೇಲೆ ತೇಲುವ ಕಿಟ್ಟವೇ ಸ್ಲ್ಯಾಗ್. ಪಕ್ಕದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಅದು ರಾಶಿ ರಾಶಿ. ಸಿಮೆಂಟಿನ ದೊಡ್ಡ ಪಾಪ ಇರುವುದು ಅದರ ಕ್ಲಿಂಕರಿನಲ್ಲಿ, ಅಂದರೆ ಸುಣ್ಣದಕಲ್ಲು ಸುಟ್ಟು ಮಾಡುವ ಗಟ್ಟಿ ಉಂಡೆಗಳಲ್ಲಿ. ಸುಣ್ಣದಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿಂದಲೇ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ, ಕಲ್ಲಿದ್ದಲಿನ ಹೊಗೆ ಬೇರೆ. ಕ್ಲಿಂಕರಿನ ಬದಲು ಸ್ಲ್ಯಾಗ್ ಎಷ್ಟು ಹೆಚ್ಚು ಸೇರುತ್ತದೋ ಅಷ್ಟು ಒಳ್ಳೆಯದು. ಆದರೆ ಇದು ಬಲ ಹಿಡಿಯುವುದು ನಿಧಾನ. ಮೇಸ್ತ್ರಿ ಎಂದಿನಂತೆ ಸೆಂಟ್ರಿಂಗ್ ಬಿಚ್ಚೋಣ ಅಂತ ಬಂದ. ಇನ್ನೊಂದು ವಾರ ಬಿಡು ಅಂದೆ. ಹಲಗೆ ಬಾಡಿಗೆ ಮೇಲೆ ಬಿತ್ತು.

ಎರಡು ಒಳ್ಳೆ ಕೆಲಸಗಳ ಜಗಳ

ಈ ಊರಿನ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಅಂಥ ಸೀಮೆ ಇದು.

ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ತಾರಸಿ 93 ಚದರ ಮೀಟರ್. ಸೋರಿ, ಆವಿಯಾಗಿ ಹೋಗುವುದನ್ನು ಕಳೆದರೆ ವರ್ಷಕ್ಕೆ ಸುಮಾರು 45,000 ಲೀಟರ್. ಭಾವ ಖುಷಿಯಾಗಿ ಅಷ್ಟಕ್ಕೂ ಸಂಪು ಕಟ್ಟಿಸೋಣ ಅಂದರು. ನಾನು ಇನ್ನೊಂದು ಲೆಕ್ಕ ತೋರಿಸಿದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ಐದು ಜನಕ್ಕೆ ವರ್ಷಕ್ಕೆ ಎರಡೂವರೆ ಲಕ್ಷ ಲೀಟರ್ ಬೇಕು. ಮಳೆನೀರು ಅದರ ಐದನೇ ಒಂದು ಪಾಲೂ ಅಲ್ಲ. ಅಷ್ಟು ದೊಡ್ಡ ಸಂಪಿಗೆ ಖರ್ಚೂ ಜಾಸ್ತಿ.

ಆದರೆ ಕುಡಿಯಲು, ಅಡುಗೆಗೆ ಎಷ್ಟು ಬೇಕು? ತಲೆಗೆ ಐದು ಲೀಟರ್. ದಿನಕ್ಕೆ 25. ಮಳೆ ಇಲ್ಲದ ಆರು ತಿಂಗಳಿಗೆ 4,500 ಲೀಟರ್. 6,000 ಲೀಟರಿನ ತೊಟ್ಟಿ ಧಾರಾಳ. ಅದೂ ಮುಖ್ಯವಾಗಿ ಬೇಕಿದ್ದಿದ್ದು ಇದಕ್ಕೇ. ಈ ಜಿಲ್ಲೆಯಲ್ಲಿ ಎಷ್ಟೋ ಬೋರುಗಳ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲು, ಮೂಳೆಗೆ ತೊಂದರೆ. ಕುದಿಸಿದರೆ ಹೋಗಲ್ಲ, ನೀರು ಇಂಗಿ ಇನ್ನೂ ದಟ್ಟವಾಗುತ್ತದೆ. ಮಳೆನೀರಿಗೆ ಆ ಕಾಟ ಇಲ್ಲ. ತೊಟ್ಟಿ ತುಂಬಿ ಮಿಕ್ಕಿದ್ದು ಬೋರಿನ ಪಕ್ಕದ ಇಂಗುಗುಂಡಿಗೆ. ಕೋಟೆಯ ಹೊಂಡಗಳದ್ದೂ ಇದೇ ಲೆಕ್ಕ ತಾನೇ? ಮೇಲಿನದು ತುಂಬಿದರೆ ಕೆಳಗಿನದಕ್ಕೆ.

ಇತ್ತ ತಾರಸಿ ತಂಪಾಗಿರಲಿ ಅಂತ ಬಿಳಿ ಸುಣ್ಣ ಬಳಿಸುವುದು ನನ್ನ ಯೋಜನೆಯಲ್ಲಿತ್ತು. ಅಗ್ಗದಲ್ಲಿ ಇಷ್ಟು ಕೆಲಸ ಮಾಡುವುದು ಬೇರೆ ಇಲ್ಲ. ಹೊಸ ಸುಣ್ಣ ಬಿಸಿಲಿನ ಬಹುಪಾಲನ್ನು ಬಂದ ದಾರಿಗೇ ವಾಪಸ್ ಕಳಿಸುತ್ತದೆ. ಸುಣ್ಣಕ್ಕೆ ಅಂಟು ಬೆರೆಸಿ ಎರಡು ಕೈ ಬಳಿಸಿಯೂ ಆಯಿತು. ಮೊದಲ ಮಳೆ ಬಂತು. ಶೋಧಕದ ಮೇಲೆ ಬಿಳಿ ಹಕ್ಕಳೆ ತೇಲುತ್ತಿದ್ದವು. ಅಕ್ಕ ಒಂದು ಚೊಂಬಿನಲ್ಲಿ ಆ ನೀರು ಹಿಡಿದು ತಂದು ನನ್ನ ಮುಂದೆ ಇಟ್ಟಳು. "ಇದನ್ನ ಮಕ್ಕಳಿಗೆ ಕುಡಿಸ್ಲಾ?"

ತಾರಸಿ ತಂಪು ಮಾಡುವ ಸುಣ್ಣ, ತಾರಸಿಯಿಂದ ಕುಡಿಯುವ ನೀರು. ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಲೆಕ್ಕ ಹಾಕಿದ್ದೆ. ಎರಡೂ ಒಂದೇ ತಾರಸಿ ಅನ್ನುವುದು ಹೊಳೆದೇ ಇರಲಿಲ್ಲ.

ಸುಣ್ಣ ಕೆರೆಸಿದೆವು. ದಾವಣಗೆರೆಯ ಟೈಲ್ಸ್ ಅಂಗಡಿಗಳ ಗೋದಾಮಿನಲ್ಲಿ ಒಡೆದ ಬಿಳಿ ಟೈಲ್ಸ್ ಚೂರು ಮೂಟೆಗಟ್ಟಲೆ ಬಿದ್ದಿರುತ್ತದೆ. ಸಾಗಾಣಿಕೆ ಖರ್ಚಿನಲ್ಲಿ ತಂದು ತಾರಸಿ ಪೂರ್ತಿ ಚೂರು ಹಾಸಿಸಿದೆವು. ಹೊಳಪು ಬಿಳಿ, ಹಕ್ಕಳೆ ಏಳಲ್ಲ, ನೀರಿಗೂ ತೊಂದರೆ ಇಲ್ಲ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಲು ಪೈಪಿಗೊಂದು ಅಡ್ಡ ಕವಲು, ಅದರ ತುದಿಗೆ ತಿರುಗಿಸುವ ಮುಚ್ಚಳ. ಕೂಲಿ ಮಾತ್ರ ಕೈ ಸುಟ್ಟಿತು.

ಮನೆಗಳಲ್ಲಿ ಇಂಧನ ಉಳಿಸಲು ಕೇಂದ್ರ ಸರ್ಕಾರ ಮಾಡಿದ ನಿಯಮಾವಳಿ ಎಕೋ ನಿವಾಸ್ ಸಂಹಿತಾ 2018ರಲ್ಲಿ ಬಂತು. ತಾರಸಿಯಿಂದ ಶಾಖ ಎಷ್ಟು ಇಳಿಯಬಹುದು ಅನ್ನುವುದಕ್ಕೆ ಅದು ಇಟ್ಟಿರುವ ಮಿತಿ 1.2, ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಚದರ ಮೀಟರಿಗೆ 1.2 ವಾಟ್. ಬರೀ ಆರ್‌ಸಿಸಿ ತಾರಸಿ ಅದರ ಎರಡು ಪಟ್ಟಿಗೂ ಮೇಲೆ ಹೋಗುತ್ತದೆ. ಹೆಂಚು, ಟೈಲ್ಸ್ ಎಲ್ಲ ಸೇರಿಸಿದರೂ ನಮ್ಮದು 1.2ಕ್ಕೆ ಇಳಿಯಲಿಲ್ಲ. ಅದಕ್ಕೆ ದಪ್ಪನೆಯ ನಿರೋಧಕ ಪದರ ಬೇಕು. ದುಡ್ಡು ಅಲ್ಲಿಗೆ ಮುಗಿದಿತ್ತು.

ಸೋಲಾರ್

ಪಟ್ಟಿಯಲ್ಲಿ ಮೊದಲಿದ್ದಿದ್ದು ಕೊನೆಗೂ ಬರಲಿಲ್ಲ. ನೀರು ಕಾಯಿಸುವ ಸೋಲಾರ್ ಹಾಕಿಸಿದರು. ಕರೆಂಟಿನ ಪ್ಯಾನಲ್ ಹಾಕಿಸಲಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಇವರ ಬಿಲ್ಲು ಸೊನ್ನೆ. ಎರಡು ಕಿಲೋವಾಟಿಗೆ ಕೇಂದ್ರದ ಸಹಾಯಧನ 60,000 ಸಿಗುತ್ತದೆ, ದಿನಕ್ಕೆ ಎಂಟು ಯೂನಿಟ್ ಬರುತ್ತದೆ ಅಂತೆಲ್ಲ ಹೇಳಿದೆ. "ಸೊನ್ನೆ ಬಿಲ್ಲಿನಲ್ಲಿ ಇನ್ನೇನು ಉಳಿಸಲಿ?" ಅಂದರು ಭಾವ. ಉತ್ತರ ಇರಲಿಲ್ಲ. ಮುಂದೆಂದಾದರೂ ಬೇಕಾಗಬಹುದು ಅಂತ ಗೋಡೆಯೊಳಗೆ ಪೈಪು ಮಾತ್ರ ಬಿಟ್ಟಿದ್ದೇನೆ.

ಇದ್ದು ನೋಡಿದ ಮೇಲೆ

ಮೊದಲ ಬೇಸಿಗೆಯಲ್ಲಿ ಮೂರು ವಾರ ಥರ್ಮಾಮೀಟರ್ ಇಟ್ಟು ಬರೆದುಕೊಂಡೆವು. ಮಕ್ಕಳಿಗೆ ರಜೆ, ಅವರದೇ ಡ್ಯೂಟಿ. ಮಧ್ಯಾಹ್ನ ಮೂರಕ್ಕೆ ಒಳಗೆ ಹೊರಗಿಗಿಂತ ನಾಲ್ಕೈದು ಡಿಗ್ರಿ ಕಡಿಮೆ. ಅಕ್ಕ ಮಲಗುತ್ತಿದ್ದಳು. ನಾನು ಬೀಗಿದೆ.

ರಾತ್ರಿ ಒಂಬತ್ತರ ಲೆಕ್ಕ ನೋಡುವವರೆಗೆ. ಆಗ ಒಳಗೇ ಜಾಸ್ತಿ. ಹೊರಗೆ ತಂಗಾಳಿ, ಒಳಗೆ ಸೆಖೆ. ದಪ್ಪ ಗೋಡೆ ಹಗಲಿನ ಶಾಖವನ್ನು ತಡೆಯುವುದಿಲ್ಲ, ತಡ ಮಾಡುತ್ತದೆ. ಆರೇಳು ಗಂಟೆ ಬಿಟ್ಟು ಅದು ಒಳಗೆ ಇಳಿಯುತ್ತದೆ. ಅಷ್ಟೊತ್ತಿಗೆ ಕಿಟಕಿ ತೆಗೆದು ರಾತ್ರಿ ಗಾಳಿಯನ್ನು ಒಳಗೆ ಬಿಟ್ಟರೆ ಗೋಡೆ ತಣಿಯುತ್ತದೆ. ಇದು ನನ್ನ ನಕ್ಷೆಯಲ್ಲೇ ಇತ್ತು. ಆದರೆ ಭಾವ ಸೊಳ್ಳೆ ಬರುತ್ತದೆ ಅಂತ ಸಂಜೆ ಆರಕ್ಕೇ ಎಲ್ಲ ಕಿಟಕಿ ಹಾಕಿ ಚಿಲಕ ಜಡಿಯುತ್ತಿದ್ದರು. ಯಾವ ಮನೆಯಲ್ಲಿ ಹಾಕಲ್ಲ ಹೇಳಿ?

ಎಲ್ಲ ಕಿಟಕಿಗೂ ಸೊಳ್ಳೆ ಪರದೆಯ ಚೌಕಟ್ಟು ಕೂರಿಸಿದೆವು. ಮೆಟ್ಟಿಲಿನ ಮೇಲ್ಗಡೆ, ತಾರಸಿಗೆ ಹೋಗುವ ಗೂಡಿನಲ್ಲಿ, ಹಳೇ ಮನೆಗಳ ಬೆಳಕಿಂಡಿಯ ಥರ ಒಂದು ದೊಡ್ಡ ಗವಾಕ್ಷಿ ಕೊರೆಸಿ ಅದಕ್ಕೂ ಪರದೆ. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತದೆ. ಎರಡನೇ ಬೇಸಿಗೆಯಲ್ಲಿ ರಾತ್ರಿಯ ತಕರಾರು ಬರಲಿಲ್ಲ. ಕಟ್ಟಿದ ಗೋಡೆ ಕೊರೆದಿದ್ದಕ್ಕೆ, ಕಟ್ಟುವಾಗಲೇ ಬಿಟ್ಟಿದ್ದರೆ ಆಗುತ್ತಿದ್ದಕ್ಕಿಂತ ಮೂರು ಪಟ್ಟು ಕೂಲಿ ಕೊಟ್ಟೆವು.

ಒಟ್ಟು ಖರ್ಚು ಮಾಮೂಲಿ ಮನೆಗಿಂತ ಕಡಿಮೆ ಆಯಿತಾ ಅಂತ ಕೇಳುತ್ತಾರೆ. ಇಲ್ಲ. ಪ್ಲಾಸ್ಟರಿಂಗ್, ಪೇಂಟಿನಲ್ಲಿ ಉಳಿದಿದ್ದನ್ನು ಹಾಳಾದ ಬ್ಲಾಕು, ಕೆರೆಸಿದ ಸುಣ್ಣ, ನಿಂತ ಕಂತು ತಿಂದವು. ಮುಂದಿನ ಮನೆಗೆ ಉಳಿಯಬಹುದು.

ಅಜ್ಜಿ ಈಗ ಬಿಳಿ ಟೈಲ್ಸಿನ ತಾರಸಿಯ ಮೇಲೆ ಸಂಡಿಗೆ ಒಣಹಾಕುತ್ತಾರೆ. ಕಾಲು ಸುಡಲ್ಲ, ಬೇಗ ಒಣಗುತ್ತೆ ಅಂತಾರೆ. ಮಳೆ ಮೋಡ ಕಂಡರೆ ಸಂಡಿಗೆ ಎತ್ತಿ, ಪೈಪಿನ ಮುಚ್ಚಳ ತಿರುಗಿಸುವುದೂ ಅವರೇ.

ಹೋದ ತಿಂಗಳು ದಾವಣಗೆರೆಯಿಂದ ಒಬ್ಬರು ಫೋನ್ ಮಾಡಿದ್ದರು. ಅಕ್ಕನ ಮನೆ ನೋಡಿದ್ದಾರಂತೆ, ಅಂಥದ್ದೇ ತಂಪಾದ ಮನೆ ಬೇಕಂತೆ. ಸೈಟು ಯಾವ ಕಡೆ ಮುಖ ಅಂತ ಕೇಳಿದೆ.

"ಪಶ್ಚಿಮ ಮೇಡಂ. ಪಾಯ, ಪ್ಲಿಂತ್ ಎಲ್ಲ ಆಗೈತೆ. ಮುಂದುಗಡೆ ದೊಡ್ಡ ಹಾಲು. ನೀವು ಆ ಬ್ಲಾಕ್ ಒಂದು ಕೊಡಿಸಿದ್ರೆ ಸಾಕು."